ಮೂರು ಹುಡುಗರು, ಒಂದು ಒಲೆ

ಬೆಂಗಳೂರಿನ ವಿಜಯನಗರದ ಆ ಓಣಿಯಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಸಂಜೆ ಏಳರ ಹೊತ್ತಿಗೆ ಮೆಟ್ಟಿಲು ಹತ್ತುತ್ತಿದ್ದರೆ ಯಾರ ಮನೆಯಲ್ಲಿ ಏನು ಅಡುಗೆ ಎಂಬುದನ್ನು ಮೂಗೇ ಹೇಳುತ್ತದೆ. ನೆಲಮಹಡಿಯಲ್ಲಿ ಹುರುಳಿಕಾಳಿನ ಬಸ್ಸಾರು, ಮೊದಲ ಮಹಡಿಯಲ್ಲಿ ಹುರಿದ ಮೀನು, ಎರಡನೆಯದರಲ್ಲಿ ಯಾರೋ ಬೆಣ್ಣೆ ಕಾಯಿಸುತ್ತಿದ್ದಾರೆ. ಅದನ್ನೂ ದಾಟಿ ತಾರಸಿಗೆ ಬಂದರೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಂದೂವರೆ ಕೋಣೆಯ ಮನೆ. ಅಲ್ಲಿಂದ ಬರುತ್ತಿದ್ದದ್ದು ಸೀದ ಸಾಸಿವೆಯ ಕಮಟು.

“ಬಾಗಿಲು ತೆಗ್ದೇ ಇದೆ, ಬನ್ನಿ ದೊಡ್ಡಮ್ಮ. ಹೊಗೆ ಹೋಗ್ಲಿ ಅಂತ ಬಿಟ್ಟಿದ್ದೀವಿ.”

ತಂಗಿಯ ಮಗ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೌಟು ಹಿಡಿದು ನಿಂತಿದ್ದ. ಇವನು ಹಾಸನದವನು. ಜೊತೆಗೆ ಹುಬ್ಬಳ್ಳಿಯವನೊಬ್ಬ, ಶಿರಸಿ ಕಡೆಯ ಹಳ್ಳಿಯವನೊಬ್ಬ. ಮೂವರಿಗೂ ಮೊದಲ ಕೆಲಸ, ಮೊದಲ ಬಾಡಿಗೆ ಮನೆ. ಅಲ್ಲಿಯವರೆಗೆ ಪೀಜಿಯೊಂದರಲ್ಲಿದ್ದರು. ಅಲ್ಲಿ ಸೋಮವಾರದಿಂದ ಶನಿವಾರದವರೆಗೆ ಸಾಂಬಾರಿನ ಹೆಸರು ಬದಲಾಗುತ್ತಿತ್ತೇ ಹೊರತು ರುಚಿ ಬದಲಾಗುತ್ತಿರಲಿಲ್ಲ ಎಂದು ಹುಬ್ಬಳ್ಳಿಯವನ ದೂರು. ಹೊಸ ಮನೆಗೆ ಬಂದ ಮೇಲೆ ಫೋನಿನಲ್ಲೇ ಊಟ ತರಿಸಿ ತಿಂದರು. ತಿಂಗಳ ಕೊನೆಗೆ ಲೆಕ್ಕ ಹಾಕಿ ನೋಡಿದರೆ ಬಾಡಿಗೆಯ ಪಾಲಿಗಿಂತ ಊಟದ ಬಿಲ್ಲೇ ದೊಡ್ಡದು. ಆಗ ನೆನಪಾದವಳು ನಾನು.

ಕಟ್ಟೆಯ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಸೋಮವಾರ ಚಪಾತಿ ಕುರ್ಮಾ, ಮಂಗಳವಾರ ಬಿಸಿಬೇಳೆಬಾತ್, ಬುಧವಾರ ಮಸಾಲೆ ದೋಸೆ, ಗುರುವಾರ ವೆಜ್ ಬಿರಿಯಾನಿ. ಶುಕ್ರವಾರದ ಎದುರು ಒಂದು ಪ್ರಶ್ನಾರ್ಥಕ ಚಿಹ್ನೆ. ಅಷ್ಟು ಹೊತ್ತಿಗೆ ಸುಸ್ತಾಗಿರಬೇಕು. ಅಡುಗೆಗೆ ಹೊಸದಾಗಿ ಕೈಹಾಕುವವರೆಲ್ಲ ಹೀಗೆಯೇ. ತಿನ್ನಲು ಯಾವುದು ಇಷ್ಟವೋ ಅದರಿಂದಲೇ ಶುರುಮಾಡುತ್ತಾರೆ. ಚಪಾತಿ ಎಂದರೆ ಹಿಟ್ಟಿಗೆ ನೀರು ಎಷ್ಟು ಎಂಬುದು ಒಂದು, ನಾದುವುದು ಒಂದು, ದುಂಡಗೆ ಲಟ್ಟಿಸುವುದು ಒಂದು, ತವಾ ಎಷ್ಟು ಕಾದಿರಬೇಕು ಎಂಬುದು ಇನ್ನೊಂದು. ನಾಲ್ಕು ವಿದ್ಯೆ ಒಟ್ಟಿಗೆ ಬರಬೇಕು, ಅದೂ ಹಸಿದ ಹೊಟ್ಟೆಯಲ್ಲಿ. ಬಿಸಿಬೇಳೆಬಾತಿನಲ್ಲಿ ಅಕ್ಕಿ, ಬೇಳೆ, ತರಕಾರಿ ಒಂದೊಂದಕ್ಕೂ ಒಂದೊಂದು ಬೇಯುವ ಹೊತ್ತು. ದೋಸೆಹಿಟ್ಟು ಡಿಸೆಂಬರಿನ ಬೆಂಗಳೂರಿನಲ್ಲಿ ನನ್ನ ಮನೆಯಲ್ಲೇ ಉಬ್ಬುವುದಿಲ್ಲ.

ನಾನು ಮಾತಾಡದೆ ಹಾಳೆ ಕಿತ್ತು ಜೋಳಿಗೆಗೆ ಹಾಕಿಕೊಂಡೆ.

ಅಡುಗೆಮನೆ ಎಂದರೆ ಕೋಣೆಯ ಒಂದು ಮೂಲೆ ಅಷ್ಟೆ. ಗ್ರಾನೈಟ್ ಕಟ್ಟೆ, ಅದರ ಮೇಲೆ ಎರಡು ಬರ್ನರಿನ ಸ್ಟೌ. ಎಡಗಡೆಯ ಬರ್ನರಿಗೆ ಹಾಲು ಉಕ್ಕಿ ತೂತು ಕಟ್ಟಿಕೊಂಡು ಹಳದಿ ಉರಿ ಬರುತ್ತಿತ್ತು. ಉರಿ ನೀಲಿ ಇಲ್ಲದಿದ್ದರೆ ಗ್ಯಾಸು ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಪಾತ್ರೆಯ ತಳಕ್ಕೆ ಮಸಿ, ಸಿಲಿಂಡರ್ ಬೇಗ ಖಾಲಿ. ಹಾಗಾಗಿ ಕೆಲಸಕ್ಕೆ ಬರುವುದು ಒಂದೇ ಒಲೆ. ಕೆಳಗೆ ಐದು ಕೆ.ಜಿ.ಯ ಪುಟ್ಟ ಸಿಲಿಂಡರ್. ಮೂರು ಲೀಟರಿನ ಕುಕ್ಕರ್, ಒಂದು ಕಬ್ಬಿಣದ ಬಾಣಲೆ, ಗೀರು ಬಿದ್ದ ನಾನ್‌ಸ್ಟಿಕ್ ತವಾ, ಎರಡು ಸೌಟು, ಇಕ್ಕಳ, ಹಳೆಯ ಮಿಕ್ಸಿ. ಒಗ್ಗರಣೆ ಸೌಟು ಇರಲಿಲ್ಲ, ಫ್ರಿಜ್ಜೂ ಇರಲಿಲ್ಲ. ಇಷ್ಟಿದ್ದರೆ ಧಾರಾಳ.

ಕಿಟಕಿಯ ಸಿಮೆಂಟ್ ಹಲಗೆಯ ಮೇಲೆ ಮೂವರು ತಾಯಂದಿರ ಪ್ರತಿನಿಧಿಗಳು ಕುಳಿತಿದ್ದವು. ಹಾಸನದ ಸ್ಟೀಲ್ ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ ನನ್ನ ತಂಗಿಯ ಅಕ್ಷರ: ‘ಸಾರಿನ ಪುಡಿ. ಖಾರ ಇದೆ, ಕಡಿಮೆ ಹಾಕು.’ ಹುಬ್ಬಳ್ಳಿಯದು ಎಣ್ಣೆ ಒಸರಿ ಹೊರಗೆಲ್ಲ ಕೆಂಪಾದ ಮಸಾಲಿ ಖಾರದ ಪೊಟ್ಟಣ, ಅದರ ಪಕ್ಕ ಶೇಂಗಾ ಹಿಂಡಿ. ಶಿರಸಿಯಿಂದ ಪುಡಿ ಬಂದಿರಲಿಲ್ಲ. ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ, ನಾಲ್ಕು ತೆಂಗಿನಕಾಯಿ, ಮತ್ತೆ ತಾರಸಿಯ ಅಂಚಿನಲ್ಲಿ ಹಳೇ ಪೇಂಟ್ ಡಬ್ಬಿಯಲ್ಲಿ ನೆಟ್ಟು ಚಿಗುರಿದ ದೊಡ್ಡಪತ್ರೆಯ ಕಡ್ಡಿ. ಈ ಹಲಗೆಯನ್ನು ನೋಡಿದ ಮೇಲೆ ಯಾವ ಪುಸ್ತಕವೂ ಬೇಕಿಲ್ಲ ಅನ್ನಿಸಿತು. ಮೂರು ಜಿಲ್ಲೆಯ ಸುಲಭದ ಅಡುಗೆಗಳೆಲ್ಲ ಅಲ್ಲೇ ಇದ್ದವು.

“ಮೊದ್ಲು ಒಲೆ ಆರಿಸು” ಎಂದೆ.

“ಆರಿಸಿ ಅಡಿಗಿ ಹೆಂಗ್ರೀ ಆಂಟಿ?” ಹುಬ್ಬಳ್ಳಿಯವನು ಕಕ್ಕಾಬಿಕ್ಕಿ.

ನನ್ನ ಪ್ರಕಾರ ಅಡುಗೆ ಕಲಿಯುವವರು ಮೊದಲಿಗೇ ಒಲೆಯ ತಂಟೆಗೆ ಹೋಗಬಾರದು. ಉರಿ ಎದುರಿಗಿದ್ದರೆ ಗಾಬರಿ. ಗಾಬರಿಯಲ್ಲಿ ಈರುಳ್ಳಿ ಹೆಚ್ಚುವಾಗ ಬೆರಳು, ಉಪ್ಪು ಹಾಕುವಾಗ ಲೆಕ್ಕ, ಎರಡೂ ತಪ್ಪುತ್ತವೆ. ಉಪ್ಪು, ಹುಳಿ, ಖಾರ ಮೂರೂ ಹೊಂದುವುದು ಹೇಗೆ ಎಂದು ನಾಲಿಗೆಗೆ ಗೊತ್ತಾಗಬೇಕಾದರೆ ನಿಧಾನವಾಗಿ ಬೆರೆಸಿ, ನೆಕ್ಕಿ, ಮತ್ತೆ ಬೆರೆಸಿ ನೋಡುವಷ್ಟು ಪುರುಸೊತ್ತು ಬೇಕು. ಅದಕ್ಕೆ ನಮ್ಮಲ್ಲಿ ಕೋಸಂಬರಿ ಇದೆ, ಮೊಸರವಲಕ್ಕಿ ಇದೆ, ಉತ್ತರದ ಕಡೆ ಪಚಡಿ ಇದೆ.

ಅರ್ಧ ಲೋಟ ಹೆಸರುಬೇಳೆಯನ್ನು ನೆನೆಹಾಕಿಸಿದೆ. ಒಂದು ಗಂಟೆ ಸಾಕು. ಉಗುರಿನಲ್ಲಿ ಒತ್ತಿದರೆ ಬೇಳೆ ಮುರಿಯಬೇಕು, ಹಿಟ್ಟಾಗಬಾರದು. ಸೌತೆಕಾಯಿಯ ತುದಿ ಕತ್ತರಿಸಿ ಒಂದು ಚೂರು ತಿಂದು ನೋಡಲು ಹೇಳಿದೆ, ಕಹಿ ಇದ್ದರೆ ಇಡೀ ಬಟ್ಟಲು ಹಾಳು. ಶಿರಸಿಯ ಹುಡುಗ ಚಾಕು ಹಿಡಿದ. ಮೊದಮೊದಲು ಬೆರಳುಗಾತ್ರದ ತುಂಡು, ಆಮೇಲಾಮೇಲೆ ಸಣ್ಣಗಾಯಿತು. ಬೇಳೆ ಬಸಿದು, ಸೌತೆಕಾಯಿ, ಒಂದು ಹಿಡಿ ತೆಂಗಿನತುರಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಕಲಸಿದ. ನನ್ನ ತಂಗಿಯ ಮಗ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದಂತೆ ತಡೆದೆ. ಉಪ್ಪು ಬಿದ್ದ ಕೂಡಲೇ ಸೌತೆಕಾಯಿ ನೀರು ಬಿಡಲು ಶುರುಮಾಡುತ್ತದೆ. ಹತ್ತು ನಿಮಿಷದಲ್ಲಿ ತಳದಲ್ಲಿ ನೀರು, ಮೇಲೆ ಸಪ್ಪೆ ಸೌತೆ. ಉಪ್ಪು, ನಿಂಬೆರಸ ಎರಡೂ ತಟ್ಟೆಗೆ ಬಡಿಸುವ ಮುಂಚಿನ ಕೆಲಸ. ರಾಮನವಮಿಯ ದಿನ ಪೆಂಡಾಲಿನಲ್ಲಿ ಬೆಳಗ್ಗೆಯೇ ಕಲಸಿಟ್ಟ ಕೋಸಂಬರಿ ಮಧ್ಯಾಹ್ನಕ್ಕೆ ಅಷ್ಟು ಸಪ್ಪೆಯಾಗುವುದೂ ಇದೇ ಕಾರಣಕ್ಕೆ.

ಮೊಸರವಲಕ್ಕಿಗೆ ವಿವರಣೆಯೇ ಬೇಡ. ಗಟ್ಟಿ ಅವಲಕ್ಕಿಯನ್ನು ತೊಳೆದು ನೀರು ಬಸಿದು ಹತ್ತು ನಿಮಿಷ ಬಿಟ್ಟು ಮೊಸರು, ಉಪ್ಪು ಹಾಕಿದರೆ ಮುಗಿಯಿತು. ಶೇಂಗಾ ಹಿಂಡಿ ಇದ್ದರಂತೂ ರಾಜಯೋಗ. ತೆಳು ಅವಲಕ್ಕಿಯಾದರೆ ತೊಳೆಯುವುದೂ ಬೇಡ, ಮೊಸರೇ ಸಾಕು. ಅಂಗಡಿಯಲ್ಲಿ ಯಾವ ಅವಲಕ್ಕಿ ಎಂದು ಕೇಳಿ ತರಬೇಕು, ಅಷ್ಟೆ. ಗೊಜ್ಜವಲಕ್ಕಿಗೆ ಗಟ್ಟಿಯದನ್ನೇ ಮಿಕ್ಸಿಯಲ್ಲಿ ತರಿ ತರಿಯಾಗಿ ಒಂದು ಸುತ್ತು ತಿರುಗಿಸಿ, ಹುಣಸೆರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಬೆರೆಸಿದ ನೀರಿನಲ್ಲಿ ನೆನೆಯಲು ಬಿಡುವುದು. ಒಗ್ಗರಣೆ ಆಮೇಲೆ ಬೀಳುತ್ತದೆ. ಒಗ್ಗರಣೆ ಬರದವರಿಗೂ ಹಸಿವಿದ್ದರೆ ಅದಿಲ್ಲದೆಯೂ ಇಳಿಯುತ್ತದೆ.

ಅಷ್ಟರಲ್ಲಿ ಶಿರಸಿಯವನು ತಾರಸಿಗೆ ಹೋಗಿ ದೊಡ್ಡಪತ್ರೆಯ ಹತ್ತು ಹನ್ನೆರಡು ಎಲೆ ಕಿತ್ತು ತಂದಿದ್ದ. ತಂಬುಳಿ ಮಾಡುತ್ತೇನೆ ಅಂದ. ಈಗ ಒಲೆ ಹಚ್ಚಲು ಅಡ್ಡಿಯಿರಲಿಲ್ಲ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ ಪರಿಮಳ ಬಂದ ಮೇಲೆ ಎಲೆ ಹಾಕಿದ. ದಪ್ಪನೆಯ ಎಲೆಗಳು ನೋಡನೋಡುತ್ತಿದ್ದಂತೆ ಕುಗ್ಗಿ ಮುದುಡಿ ಬಣ್ಣ ಕಪ್ಪಿಟ್ಟವು. ಆರಿದ ಮೇಲೆ ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ ತಟ್ಟೆ ಮುಚ್ಚಿದ.

“ಕುದಿಸಲ್ವೇನೋ?” ತಂಗಿಯ ಮಗ ಕೇಳಿದ.

“ನಮ್ಮ ಆಯಿ ಕುದಿಸೋದಿಲ್ಲ ಮಾರಾಯ. ಕುದಿಸಿದ್ರೆ ಮಜ್ಜಿಗೆ ಒಡೀತದೆ.”

ಸರಿಯಾದ ಉತ್ತರ. ಮಲೆನಾಡಿನವರ ಈ ತಂಬುಳಿಯಷ್ಟು ಹೊಸಬರಿಗೆ ದಯೆ ತೋರಿಸುವ ಅಡುಗೆ ಇನ್ನೊಂದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ. ಸೊಪ್ಪು ಯಾವುದಾದರೂ ಆದೀತು, ಸೊಪ್ಪೇ ಬೇಕೆಂದೂ ಇಲ್ಲ. ಒಂದೆಲಗ, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ, ಶುಂಠಿ, ಬರೀ ಮೆಂತ್ಯ. ಗಟ್ಟಿಯಾದರೆ ಮಜ್ಜಿಗೆ ಸೇರಿಸಿದರಾಯಿತು, ನೀರಾದರೆ ಅನ್ನಕ್ಕೆ ಕಲಸದೆ ಲೋಟದಲ್ಲಿ ಕುಡಿದರಾಯಿತು. ಸೀಯುವುದಿಲ್ಲ, ಉಕ್ಕುವುದಿಲ್ಲ, ಅಡಿ ಹಿಡಿಯುವುದಿಲ್ಲ.

ಇನ್ನು ಸೀದ ಸಾಸಿವೆಯ ವಿಚಾರಕ್ಕೆ ಬರಬೇಕಿತ್ತು. ಏಕೆಂದರೆ ನಮ್ಮ ಕಡೆಯ ಸುಲಭದ ಅಡುಗೆಗಳಲ್ಲಿ ಮುಕ್ಕಾಲು ಪಾಲು ಒಂದೇ ಒಗ್ಗರಣೆಯ ಮೇಲೆ ನಿಂತಿವೆ. ಇದೊಂದು ಕೈಗೆ ಬಂದರೆ ಚಿತ್ರಾನ್ನ, ಅವಲಕ್ಕಿ ಒಗ್ಗರಣೆ, ಉಪ್ಪಿಟ್ಟು, ಮಂಡಕ್ಕಿ, ಪಲ್ಯ ಎಲ್ಲ ಒಟ್ಟಿಗೆ ಬಂದ ಹಾಗೆ. ಬರದಿದ್ದರೆ ಯಾವುದೂ ಇಲ್ಲ.

ಹುಡುಗರು ನೋಡುತ್ತಿದ್ದ ವಿಡಿಯೊದಲ್ಲಿ ‘ಎಣ್ಣೆ ಬಿಸಿಯಾದ ನಂತರ ಸಾಸಿವೆ, ಬೇಳೆ, ಕರಿಬೇವು, ಅರಿಸಿನ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಇವರು ಎಲ್ಲವನ್ನೂ ಒಂದು ತಟ್ಟೆಯಲ್ಲಿ ಗುಡ್ಡೆ ಹಾಕಿಟ್ಟುಕೊಂಡು ಒಟ್ಟಿಗೆ ಸುರಿದಿದ್ದರು. ಒಂದೊಂದಕ್ಕೂ ಸೀಯುವ ಹೊತ್ತು ಬೇರೆ ಎಂಬುದನ್ನು ವಿಡಿಯೊ ಹೇಳಿರಲಿಲ್ಲ. ಸಾಸಿವೆಗೆ ಜೋರು ಕಾವು ಬೇಕು, ಇಲ್ಲದಿದ್ದರೆ ಸಿಡಿಯದೆ ಕಹಿಯಾಗಿ ಹಲ್ಲಿಗೆ ಸಿಗುತ್ತದೆ. ಉದ್ದಿನಬೇಳೆ ಅದೇ ಕಾವಿನಲ್ಲಿ ಅರೆನಿಮಿಷಕ್ಕೆ ಕೆಂಪಾಗಿ, ಇನ್ನರೆನಿಮಿಷಕ್ಕೆ ಕಪ್ಪಾಗುತ್ತದೆ. ಅರಿಸಿನಕ್ಕೆ ಅಷ್ಟೂ ತಾಳ್ಮೆಯಿಲ್ಲ.

ಬಾಣಲೆ ಒರೆಸಿಸಿ ಎರಡು ಚಮಚ ಎಣ್ಣೆ ಹಾಕಿಸಿದೆ. ಬಾಣಲೆಯಲ್ಲಿ ನೀರಿನ ಹನಿ ಉಳಿದಿದ್ದರೆ ಎಣ್ಣೆ ಮುಖಕ್ಕೆ ಹಾರುತ್ತದೆ. ಎಣ್ಣೆ ಕಾಯುವವರೆಗೆ ಯಾರೂ ಫೋನು ಮುಟ್ಟಕೂಡದು ಎಂಬುದು ನನ್ನ ಕಟ್ಟಪ್ಪಣೆ. ಎಣ್ಣೆ ತೆಳ್ಳಗಾಗಿ ತಳದಲ್ಲಿ ಸಣ್ಣ ಅಲೆಗಳು ಹರಿದಾಡಿದವು. ಒಂದೇ ಒಂದು ಸಾಸಿವೆ ಕಾಳು ಹಾಕಿಸಿದೆ. ಅದು ತಳಕ್ಕೆ ಹೋಗಿ ಸುಮ್ಮನೆ ಕುಳಿತಿತು. ಕಾಯಿರಿ ಎಂದೆ. ಸ್ವಲ್ಪ ಹೊತ್ತಿಗೆ ಆ ಕಾಳು ಅಲ್ಲಾಡಿತು, ಸುತ್ತ ಗುಳ್ಳೆ ಕಟ್ಟಿತು, ಟಪ್ಪೆಂದು ಹಾರಿತು. ಒಳಗಿದ್ದ ತೇವ ಹಬೆಯಾಗಿ ಸಿಪ್ಪೆಯನ್ನು ಸೀಳಿಕೊಂಡು ಹೊರಬಂದಿತ್ತು. ಈಗ ಚಮಚದಷ್ಟು ಸಾಸಿವೆ ಬಿತ್ತು. ಮೊದಲು ಒಂದೊಂದು, ಆಮೇಲೆ ತಗಡಿನ ಮಾಡಿಗೆ ಮಳೆ ಸುರಿದ ಹಾಗೆ ಒಂದೇ ಸಮನೆ ಚಟಪಟ. ಆ ಸದ್ದು ಇಳಿಯತೊಡಗಿದಾಗ ಕಡಲೆಬೇಳೆ, ಅದರ ಹಿಂದೆಯೇ ಉದ್ದಿನಬೇಳೆ. ಉರಿ ಸಣ್ಣಗೆ. ಬೇಳೆಯ ಬಿಳುಪು ಹೋಗಿ ಚಿನ್ನದ ಬಣ್ಣ ಬರುವಾಗ ಹುರಿಗಾಳಿನ ಪರಿಮಳ ಏಳುತ್ತದೆ. ಅದೇ ಮುಂದಿನ ಸಾಮಾನಿಗೆ ಕರೆ. ಮುರಿದ ಒಣಮೆಣಸಿನಕಾಯಿ, ಚಿಟಿಕೆ ಇಂಗು, ಕೊನೆಗೆ ಕರಿಬೇವು. ಕರಿಬೇವನ್ನು ತೊಳೆದು ಬಟ್ಟೆಯಲ್ಲಿ ಒರೆಸಿರಬೇಕು. ಒರೆಸಿದ್ದರೂ ಅದು ಚುರ್‍ರೆಂದೇ ತೀರುತ್ತದೆ. ಹುಬ್ಬಳ್ಳಿಯವನು ಎರಡು ಹೆಜ್ಜೆ ಹಿಂದೆ ನಿಂತು ಎಲೆಗಳನ್ನು ದೂರದಿಂದ ಎಸೆದ. ಅರ್ಧ ಬಾಣಲೆಯ ಒಳಗೆ, ಅರ್ಧ ಕಟ್ಟೆಯ ಮೇಲೆ.

ಹೀಗೆ ಎಣ್ಣೆಯಲ್ಲೇ ಏಕೆ ಹಾಕಬೇಕು, ನೇರವಾಗಿ ಸಾರಿಗೇ ಹಾಕಿದರೆ ಏನು ಎಂದು ಶಿರಸಿಯವನು ಕೇಳಿದ. ಇಂಗು, ಕರಿಬೇವು, ಮೆಣಸಿನಕಾಯಿಗಳ ಪರಿಮಳದ ಬಹುಭಾಗ ನೀರಿಗೆ ಬಿಟ್ಟುಕೊಡುವುದಿಲ್ಲ, ಜಿಡ್ಡಿಗೆ ಬಿಟ್ಟುಕೊಡುತ್ತದೆ. ಅರಿಸಿನದ ಬಣ್ಣವೂ ಹಾಗೆಯೇ. ಎರಡು ಚಮಚ ಎಣ್ಣೆ ಅದನ್ನೆಲ್ಲ ಹೀರಿಕೊಂಡು ಇಡೀ ಬಟ್ಟಲಿಗೆ ಹಂಚುತ್ತದೆ. ಇಂಗಂತೂ ಹಸಿಯಾಗಿ ಮೂಸಿದರೆ ಮೂಗು ಮುಚ್ಚಿಕೊಳ್ಳಬೇಕು, ಬಿಸಿ ತುಪ್ಪಕ್ಕೆ ಬಿದ್ದರೆ ಬೇರೆಯೇ ಅವತಾರ. ನಾವು ದಿನಕ್ಕೆರಡು ಸಲ ಬಳಸುವ ಈ ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯ ಒಣ ಬೆಟ್ಟಗಳ ಗಿಡವೊಂದರ ಬೇರನ್ನು ಗೀರಿ ತೆಗೆದ ಹಾಲು. ನಮ್ಮ ದೇಶದಲ್ಲಿ ಅದನ್ನು ಬೆಳೆಯುವ ಪ್ರಯತ್ನವಾಗಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಬೇಳೆಸಾರಿನ ಘಮಕ್ಕೂ ಪರದೇಶದ ಹಂಗು. ಅಂಗಡಿಯ ಡಬ್ಬಿಯಲ್ಲಿ ಬರುವುದು ಹಿಟ್ಟು, ಗೋಂದು ಬೆರೆಸಿ ಹದಗೊಳಿಸಿದ ಇಂಗು. ಹಾಗಾಗಿ ಚಿಟಿಕೆ ಒಂದಿಷ್ಟು ಜಾಸ್ತಿಯಾದರೂ ಚಿಂತೆಯಿಲ್ಲ.

ಸಿದ್ಧವಾದ ಒಗ್ಗರಣೆಗೆ ಮೊದಲ ಪಾಲುದಾರ ಹುಬ್ಬಳ್ಳಿಯ ಸುಸಲಾ. ಈ ಅಡುಗೆಗೆ ನಾನು ಬರೀ ಪ್ರೇಕ್ಷಕಿ. ಹುಡುಗ ಬಕೆಟ್ಟಿನಷ್ಟು ಚುರಮುರಿ ತಂದಿಟ್ಟುಕೊಂಡಿದ್ದ.

“ನೀರಾಗ ಹಾಕಿ ಮಾತಾಡಕೋತ ನಿಲ್ಲಬಾರದ್ರೀ ಆಂಟಿ. ಹಾಕಿದ ಕೂಡ್ಲೇ ಹಿಂಡಿ ತಗೀಬೇಕು. ಇಲ್ಲಾಂದ್ರ ಮುದ್ದಿ ಆಗತೈತಿ.”

ಹಾಗೆ ಹೇಳುತ್ತಲೇ ಎರಡೂ ಕೈಯಲ್ಲಿ ಚುರಮುರಿಯನ್ನು ನೀರಿನಲ್ಲಿ ಅದ್ದಿ, ಮುಷ್ಟಿಯಲ್ಲಿ ಹಿಂಡಿ ತಟ್ಟೆಗೆ ಹಾಕಿದ. ಮೂರು ನಿಮಿಷದ ಹಿಂದೆ ಕರಿಬೇವಿಗೆ ಹೆದರಿದ್ದವನು ಇವನೇ ಎಂದು ನಂಬುವ ಹಾಗಿರಲಿಲ್ಲ. ಈರುಳ್ಳಿ, ಹಸಿಮೆಣಸು, ಟೊಮೆಟೊ ಬಾಡಿದ ಮೇಲೆ ಅರಿಸಿನ, ಉಪ್ಪು. ಹಿಂಡಿದ ಚುರಮುರಿ ಬಿತ್ತು, ಮೇಲೆ ಹುರಿಗಡಲೆ ಹಿಟ್ಟು ಉದುರಿತು. ಪುಟಾಣಿ ಹಿಟ್ಟು ಅನ್ನಬೇಕಂತೆ. ಅದು ಉಳಿದ ತೇವವನ್ನು ಹೀರಿಕೊಂಡು ಪ್ರತಿ ಕಾಳಿಗೂ ಒಂದು ತೆಳ್ಳನೆ ಪದರ ಕಟ್ಟಿತು. ದಾವಣಗೆರೆಯಲ್ಲಿ ಇದೇ ಮಂಡಕ್ಕಿ ಒಗ್ಗರಣೆಯಾಗಿ ಮಿರ್ಚಿಯ ಜೊತೆ ಬರುತ್ತದೆ. ಮಿರ್ಚಿ ಕರಿಯುವುದು ಮಾತ್ರ ಇವರಿಗೆ ಇನ್ನು ಆರು ತಿಂಗಳು ಬೇಡ.

ಚಿತ್ರಾನ್ನದ ಬಗ್ಗೆ ಎಲ್ಲರಿಗೂ ಒಂದು ಅಸಡ್ಡೆ ಇದೆ. ಬ್ರಹ್ಮಚಾರಿಗಳ ಅಡುಗೆ, ಏನೂ ಇಲ್ಲದಿದ್ದಾಗಿನ ಅಡುಗೆ ಎಂದು. ಆದರೆ ಅಂಟಂಟಾದ, ಕಹಿಯಾದ, ಹಳದಿ ಗಂಟುಗಳಿರುವ ಚಿತ್ರಾನ್ನ ಎಷ್ಟು ಮದುವೆಮನೆಗಳಲ್ಲಿ ಸಿಗುವುದಿಲ್ಲ! ಅದರ ಗುಟ್ಟು ತಣ್ಣಗಾದ ಅನ್ನದಲ್ಲಿದೆ. ಬಿಸಿ ಅನ್ನ ಸೌಟು ತಾಗಿದರೆ ಮುರಿದು ಮೆತ್ತಿಕೊಳ್ಳುತ್ತದೆ, ಆರಿದ ಅನ್ನದ ಅಗುಳು ಬಿಗಿದುಕೊಂಡು ಬಿಡಿಬಿಡಿಯಾಗಿ ನಿಲ್ಲುತ್ತದೆ. ಎರಡನೆಯದು, ನಿಂಬೆರಸ ಹಿಂಡುವುದು ಒಲೆ ಆರಿಸಿದ ಮೇಲೆ. ಕಾದ ಬಾಣಲೆಗೆ ಹಿಂಡಿದರೆ ಪರಿಮಳ ಹಾರಿಹೋಗಿ ಕಹಿ ಉಳಿಯುತ್ತದೆ. ಕಡಲೇಕಾಯಿ ಬೀಜವನ್ನು ಎಣ್ಣೆಯಲ್ಲಿ ಮೊದಲೇ ಹುರಿದು ಎತ್ತಿಟ್ಟುಕೊಂಡು ಕೊನೆಯಲ್ಲಿ ಬೆರೆಸಿದರೆ ತಿನ್ನುವಾಗಲೂ ಗರಿಗರಿ ಇರುತ್ತದೆ. ಯುಗಾದಿಯ ಆಸುಪಾಸಿನಲ್ಲಾದರೆ ನಿಂಬೆಯ ಬದಲು ಮಾವಿನಕಾಯಿ ತುರಿ. ಆಗ ಯಾರಾದರೂ ಅಸಡ್ಡೆ ಮಾಡಲಿ ನೋಡೋಣ.

ಉಪ್ಪಿಟ್ಟಿನ ಹೆಸರೆತ್ತಿದ ಕೂಡಲೇ ಮೂವರೂ ಒಟ್ಟಿಗೆ “ಕಾಂಕ್ರೀಟ್” ಎಂದರು. ಹಾಸ್ಟೆಲ್ಲುಗಳಲ್ಲಿ ಬೆಳೆದ ಯಾವ ಕನ್ನಡದ ಹುಡುಗನನ್ನು ಕೇಳಿದರೂ ಇದೇ ಹೆಸರು ಹೇಳುತ್ತಾನೆ. ತಪ್ಪು ಉಪ್ಪಿಟ್ಟಿನದಲ್ಲ. ನೂರು ಜನಕ್ಕೆ ಮಾಡುವಾಗ ರವೆ ಹುರಿಯುವ ವ್ಯವಧಾನ ಯಾರಿಗೂ ಇರುವುದಿಲ್ಲ, ಎಣ್ಣೆಗೂ ಜಿಪುಣತನ. ಹೊಸಬರು ಅಂಗಡಿಗೆ ಹೋಗಿ ಸುಮ್ಮನೆ ರವೆ ಕೊಡಿ ಎಂದರೆ ಸಣ್ಣ ಚಿರೋಟಿ ರವೆ ಕಟ್ಟಿಕೊಟ್ಟರೂ ಕೊಟ್ಟರೇ. ಬನ್ಸಿ ರವೆ ಎಂದು ಬಾಯಿಬಿಟ್ಟು ಕೇಳಬೇಕು. ಗಟ್ಟಿ ಗೋಧಿಯ ದಪ್ಪ ತರಿ ಅದು, ಬೇಗ ಗಂಟು ಕಟ್ಟುವುದಿಲ್ಲ, ನೀರು ಒಂದಿಷ್ಟು ಹೆಚ್ಚುಕಡಿಮೆಯಾದರೂ ಸಹಿಸಿಕೊಳ್ಳುತ್ತದೆ. ಒಂದು ಲೋಟ ರವೆಗೆ ಮೂರು ಲೋಟ ನೀರು. ಬಾಂಬೆ ರವೆಯಾದರೆ ಎರಡೂವರೆ.

ರವೆಯನ್ನು ಬರೀ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಬಣ್ಣ ಬದಲಾಗಬೇಕೆಂದು ಕಾಯುವುದು ಬೇಡ. ಸೌಟಿನಲ್ಲಿ ಎತ್ತಿ ಬಿಟ್ಟರೆ ಭಾರವಿಲ್ಲದೆ ಸುರಿಯಬೇಕು, ಹಸಿ ವಾಸನೆ ಹೋಗಿರಬೇಕು. ಅದನ್ನು ತಟ್ಟೆಗೆ ತೆಗೆದು, ಒಗ್ಗರಣೆ, ಈರುಳ್ಳಿ, ಶುಂಠಿ, ಹಸಿಮೆಣಸು, ಆಮೇಲೆ ನೀರು, ಉಪ್ಪು. ನೀರು ಕೊತಕೊತ ಕುದಿಯುವಾಗ ಒಂದು ಚಮಚ ನೀರನ್ನೇ ರುಚಿ ನೋಡಬೇಕು. ಆಗ ಉಪ್ಪು ತುಸು ಮುಂದೆ ಅನ್ನಿಸಿದರೆ ರವೆ ಬೆಂದ ಮೇಲೆ ಸರಿಹೋಗುತ್ತದೆ. ಈಗ ಉರಿ ಇಳಿಸಿ ಒಬ್ಬ ರವೆಯನ್ನು ಎಳೆಯಾಗಿ ಸುರಿಯುವುದು, ಇನ್ನೊಬ್ಬ ಕೈ ನಿಲ್ಲಿಸದೆ ತಿರುಗಿಸುವುದು. ಈ ಮನೆಯಲ್ಲಿ ಮೂವರಿರುವುದು ಉಪಯೋಗಕ್ಕೆ ಬಂದದ್ದು ಇಲ್ಲಿ. ಮುಚ್ಚಳ ಮುಚ್ಚಿ ಮೂರು ನಿಮಿಷ ಬಿಟ್ಟು ತೆಗೆದಾಗ ರವೆ ಅರಳಿತ್ತು. ಒಂದು ಚಮಚ ತುಪ್ಪ, ತೆಂಗಿನತುರಿ. ಹುಬ್ಬಳ್ಳಿಯವನು ಎರಡನೇ ಸಲ ಹಾಕಿಸಿಕೊಂಡಾಗ ಕಾಂಕ್ರೀಟಿನ ಮಾತು ಯಾರೂ ಎತ್ತಲಿಲ್ಲ.

ಬಾಗಿಲಲ್ಲಿ ನೆಲಮಹಡಿಯ ಅಜ್ಜ ಇಣುಕಿದರು. ಮನೆಯ ಮಾಲೀಕರು. ಗಂಡುಹುಡುಗರು ಅಡುಗೆ ಮಾಡುವುದನ್ನು ನೋಡಿ, “ಕಾಲ ಬದಲಾಯ್ತಮ್ಮ” ಎಂದರು ನನ್ನ ಕಡೆ ತಿರುಗಿ. ನನಗೇನೂ ಹಾಗನ್ನಿಸಲಿಲ್ಲ. ನಮ್ಮಲ್ಲಿ ಅಡುಗೆಯ ಬಗ್ಗೆ ಬರೆದವರೇ ಗಂಡಸರು. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಮಳೆ, ಬಾವಿ, ಗಿಡಮರ, ಮದ್ದುಗಳ ಜೊತೆ ಅಡುಗೆಗೂ ಒಂದು ಅಧ್ಯಾಯ ಕೊಟ್ಟ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲೇ ಬರೆದ. ಕೈರುಚಿಗೆ ಹೆಸರಾದ ನಳ, ವಿರಾಟನ ಅಡುಗೆಮನೆಯ ವಲಲ ಎಲ್ಲ ಗಂಡಸರೇ. ದಿನಾ ಬೇಯಿಸಿ ಬಡಿಸಿ ಪಾತ್ರೆ ತೊಳೆದವರ ಹೆಸರು ಮಾತ್ರ ಯಾವ ಷಟ್ಪದಿಯಲ್ಲೂ ಇಲ್ಲ. ಅವರ ಕೈಯಳತೆ ಪುಸ್ತಕಕ್ಕೆ ಬರಲು ತುಂಬ ಕಾಲ ಹಿಡಿಯಿತು. ಮದ್ರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ತಮಿಳಿನಲ್ಲಿ ‘ಸಮೈತ್ತುಪ್ಪಾರ್’ ಪ್ರಕಟಿಸಿದ್ದು 1951ರಲ್ಲಿ. ತವರಿನಿಂದ ದೂರ ಹೋಗಿ ಹೊಸದಾಗಿ ಸಂಸಾರ ಹೂಡಿದ ಹೆಣ್ಣುಮಕ್ಕಳಿಗೆ ಪಕ್ಕದಲ್ಲಿ ನಿಂತು ಹೇಳಿಕೊಡುವ ಪುಸ್ತಕ ಅದು. ಈ ತಾರಸಿ ಮನೆಯ ಹುಡುಗರದೂ ಅದೇ ಪರಿಸ್ಥಿತಿ, ಸಂಸಾರ ಒಂದನ್ನು ಬಿಟ್ಟು. ಅಜ್ಜನಿಗೆ ಇಷ್ಟನ್ನೂ ಹೇಳಲಿಲ್ಲ. ಒಂದು ತಟ್ಟೆ ಉಪ್ಪಿಟ್ಟು ಕೊಟ್ಟೆವು, ಇಳಿದು ಹೋದರು.

ಉಳಿದದ್ದು ಅನ್ನ, ಸಾರು. ತಂಬುಳಿಯೂ ಕಾಯುತ್ತಿತ್ತಲ್ಲ.

ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಒಂದಕ್ಕೆ ಎರಡೂವರೆ ನೀರು ಇಟ್ಟೆವು. ಹೊಸ ಅಕ್ಕಿಯಾದರೆ ಎರಡೇ ಸಾಕು, ಇಲ್ಲದಿದ್ದರೆ ಗಂಜಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಕ್ಕಿಂತ ಇಲ್ಲಿ ಹೊತ್ತು ಜಾಸ್ತಿ ಹಿಡಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಏರಿ ಅದೇ ನೀರು 120 ಡಿಗ್ರಿಯವರೆಗೆ ಹೋಗುತ್ತದೆ, ಹಾಗಾಗಿ ಬೇಳೆಗೆ ಕುಕ್ಕರೇ ಸರಿ. ಹುಡುಗರಿಗೆ ಕುಕ್ಕರ್ ಕಂಡರೆ ಭಯ. ಮುಚ್ಚಳ ಹಾಕುವ ಮುಂಚೆ ನಳಿಕೆಯನ್ನು ಬೆಳಕಿಗೆ ಹಿಡಿದು ತೂತು ಕಾಣುತ್ತದೆಯೇ ನೋಡಬೇಕು, ಅರ್ಧಕ್ಕಿಂತ ಹೆಚ್ಚು ಬೇಳೆ ನೀರು ತುಂಬಬಾರದು, ಹಬೆ ಪೂರ್ತಿ ಇಳಿಯುವವರೆಗೆ ಮುಚ್ಚಳದ ಮೇಲೆ ಬಲ ತೋರಿಸಬಾರದು. ಇಷ್ಟು ಮಾಡಿದವರಿಗೆ ಕುಕ್ಕರ್ ಏನೂ ಮಾಡುವುದಿಲ್ಲ.

ತೊಗರಿಬೇಳೆಯ ಜೊತೆಗೇ ಹುಣಸೆಹುಳಿ ಹಾಕಿಬಿಟ್ಟರೆ ಒಂದು ಕೆಲಸ ಮುಗಿಯುತ್ತದಲ್ಲ ಎಂಬುದು ತಂಗಿಯ ಮಗನ ಜಾಣತನ. ಹುಳಿ ಬಿದ್ದ ನೀರಿನಲ್ಲಿ ಬೇಳೆ ಮೆತ್ತಗಾಗಲು ಸತಾಯಿಸುತ್ತದೆ. ಬೇಳೆ ಬರೀ ನೀರು, ಚಿಟಿಕೆ ಅರಿಸಿನ, ಒಂದು ತೊಟ್ಟು ಎಣ್ಣೆಯಲ್ಲಿ ಬೇಯಲಿ. ಅದನ್ನು ಕಲಕದೆ ಮೇಲಿನ ಕಟ್ಟನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಅದಕ್ಕೆ ಹುಣಸೆರಸ, ಕೈಯಲ್ಲಿ ಕಿವುಚಿದ ಟೊಮೆಟೊ, ಉಪ್ಪು, ಅಡಿಕೆಯಷ್ಟು ಬೆಲ್ಲ, ಕರಿಬೇವು. ಹುಳಿಯ ಹಸಿ ವಾಸನೆ ಹೋಗುವವರೆಗೆ ಕುದಿಸಿ ನಂತರ ನನ್ನ ತಂಗಿಯ ಸಾರಿನ ಪುಡಿ, ಚೀಟಿಯಲ್ಲಿ ಬರೆದಿದ್ದಂತೆ ಕಡಿಮೆಯೇ. ಪುಡಿ ಬಿದ್ದ ಮೇಲೆ ಹೆಚ್ಚು ಕುದಿಸುವುದು ಬೇಡ. ಮೇಲೆ ನೊರೆ ಎದ್ದು ಪಾತ್ರೆಯ ಅಂಚಿಗೆ ಬಂದಾಗ ಇಳಿಸಿ, ತುಪ್ಪದ ಒಗ್ಗರಣೆಯನ್ನು ಸೌಟಿನ ಸಮೇತ ಮುಳುಗಿಸಿ ತಟ್ಟೆ ಮುಚ್ಚಬೇಕು. ಒಗ್ಗರಣೆ ಸೌಟಿಲ್ಲದ್ದರಿಂದ ಬಡಿಸುವ ಸ್ಟೀಲ್ ಸೌಟನ್ನೇ ಇಕ್ಕಳದಲ್ಲಿ ಉರಿಗೆ ಹಿಡಿದರು. ಉಳಿದ ಗಟ್ಟಿ ಬೇಳೆಯನ್ನು ಬಿಸಾಡಬೇಡಿ ಎಂದೆ. ನಾಳೆ ಸೊಪ್ಪು ಹಾಕಿದರೆ ಅದೇ ತೊವ್ವೆ.

ಊಟಕ್ಕೆ ಕುಳಿತಾಗ ಹತ್ತಾಗಿತ್ತು. ಅನ್ನ ತುಸು ಮೆತ್ತಗಾಗಿತ್ತು, ಸಾರಿಗೆ ಅದೇ ಸರಿ. ಶಿರಸಿಯವನು ಮೊದಲು ತಂಬುಳಿ ಕಲಸಿದ, ಹುಬ್ಬಳ್ಳಿಯವನು ಸಾರಿನ ಮೇಲೆ ಮಸಾಲಿ ಖಾರ ಉದುರಿಸಿಕೊಂಡು ನನ್ನ ಮುಖ ನೋಡಿದ. ನಾನು ಏನೂ ಅನ್ನಲಿಲ್ಲ. ಅವನ ತಟ್ಟೆ, ಅವನ ಖಾರ.

ಬುಧವಾರ ರಾತ್ರಿ ಫೋನು ಬಂತು.

“ದೊಡ್ಡಮ್ಮ, ಸಾರಿಗೆ ಉಪ್ಪು ಎರಡು ಸಲ ಬಿದ್ದುಬಿಟ್ಟಿದೆ. ಅವ್ನೂ ಹಾಕಿದ್ದ, ಗೊತ್ತಾಗ್ದೆ ನಾನೂ ಹಾಕ್ದೆ.”

ಆಲೂಗಡ್ಡೆ ಹಾಕಿದರೆ ಉಪ್ಪು ಎಳೆದುಕೊಳ್ಳುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ನೋಡಿದ್ದನಂತೆ. ಆಲೂಗಡ್ಡೆ ಎಳೆದುಕೊಳ್ಳುವುದು ಉಪ್ಪು ನೀರನ್ನು, ಉಪ್ಪೊಂದನ್ನೇ ಆರಿಸಿಕೊಂಡು ಅಲ್ಲ. ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. “ಗಟ್ಟಿ ಬೇಳೆ ಇದ್ಯಲ್ಲ, ಅದನ್ನ ನೀರಲ್ಲಿ ಕಲಕಿ ಸುರಿ. ಇನ್ನೊಂಚೂರು ಹುಣಸೆರಸ, ಅರ್ಧ ಚಮಚ ಪುಡಿ. ಉಪ್ಪಿನ ಡಬ್ಬಿ ಮಾತ್ರ ಎತ್ತಿ ಆ ಕಡೆ ಇಡು.”

“ಹಾಗಾದ್ರೆ ಪಾತ್ರೆ ತುಂಬಾ ಆಗುತ್ತಲ್ಲ?”

“ಆಗ್ಲಿ, ನಾಳೆಗೂ ಆಯ್ತು. ಫ್ರಿಜ್ ಇಲ್ವಲ್ಲ, ಬೆಳಗ್ಗೆ ಎದ್ದ ಕೂಡ್ಲೆ ಒಂದು ಕುದಿ ಕುದಿಸಿಡು. ಮರೀಬೇಡ.”

ಹಿಂದಿನಿಂದ ಹುಬ್ಬಳ್ಳಿಯವನ ದನಿ ಫೋನಿನ ಹತ್ತಿರ ಬಂತು. “ಆಂಟಿ, ಒಂದು ನ್ಯಾಯ ಹೇಳ್ರಿ. ಇವತ್ತಿನ ಪಾತ್ರಿ ಯಾರು ತಿಕ್ಕಬೇಕು? ಮೊದ್ಲು ಉಪ್ಪು ಹಾಕಿದಾಂವನೋ, ಆಮ್ಯಾಲೆ ಹಾಕಿದಾಂವನೋ?”